ಬ್ರಿಟನ್‌ನಲ್ಲಿ ವೀಸಾ ಮುಗಿದ ನನ್ನ ತಮ್ಮ ಪೊಲೀಸ್ ಸೆಲ್‌ನಲ್ಲಿದ್ದಾನೆ. ಡಿಟೆನ್ಷನ್ ಸೆಂಟರ್‌ಗೆ ಕಳಿಸದಂತೆ ತಡೆಯುವುದು ಹೇಗೆ?

ತಡೆಯಬೇಡಿ. ಹೋಗಲಿ ಬಿಡಿ. ಸ್ಟೇಷನ್ ನಿಮ್ಮ ಮನೆಯಿಂದ ಹತ್ತೇ ನಿಮಿಷ ಅಂತ ಬರೆದಿದ್ದೀರಿ. ಹತ್ತಿರ ಇದ್ದರೆ ಏನು ಬಂತು? ಭೇಟಿಗೆ ಬಿಡುವುದು ಬಿಡದಿರುವುದು ಅಲ್ಲಿನ ಸಾರ್ಜೆಂಟ್ ಮರ್ಜಿ.

2019ರಲ್ಲಿ ಇಂಗ್ಲೆಂಡಿನ ಅಂಥದ್ದೇ ಒಂದು ಸೆಲ್‌ನಲ್ಲಿ ನಾನು 4 ರಾತ್ರಿ ಕಳೆದಿದ್ದೇನೆ. ಓದಲು ಹೋಗಿದ್ದೆ. ಮೂರನೇ ಕಂತಿನ ಫೀಸು ಕಟ್ಟಲಾಗಲಿಲ್ಲ, ಕಾಲೇಜಿನವರು ಪ್ರಾಯೋಜಕತ್ವ ಹಿಂತೆಗೆದರು, ವೀಸಾ ರದ್ದಾಯಿತು. ನಾಳೆ ನೋಡೋಣ, ನಾಳೆ ನೋಡೋಣ ಅಂತ ಏಳು ತಿಂಗಳು ದೂಡಿದೆ. ಒಂದು ಶುಕ್ರವಾರ ರಾತ್ರಿ ಗೆಳೆಯನ ಕಾರಿನ ಹಿಂದಿನ ಲೈಟು ಕೆಟ್ಟಿತ್ತು ಅಂತ ಪೊಲೀಸರು ಅಡ್ಡ ಹಾಕಿದರು. ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಹೆಸರನ್ನೂ ಕೇಳಿದರು. ಅಷ್ಟೇ.

ನಿಮ್ಮ ತಮ್ಮ '24 ಗಂಟೆ ಆದ ಮೇಲೆ ಬಿಡಲೇಬೇಕು' ಅನ್ನುತ್ತಿದ್ದಾನೆ ಅಲ್ವಾ? ನಾನೂ ಹಾಗೇ ಗಂಟೆ ಎಣಿಸುತ್ತಾ ಕೂತಿದ್ದೆ. ಆ 24 ಗಂಟೆ ಲೆಕ್ಕ ಅಪರಾಧದ ಕೇಸಿಗೆ. ಇಮಿಗ್ರೇಷನ್ ಅಧಿಕಾರಿಯಿಂದ ಐಎಸ್ 91 ಅನ್ನುವ, ಹಿಡಿದಿಡಲು ಅಧಿಕಾರ ಕೊಡುವ ಕಾಗದ ಬಂತು ಅಂದರೆ ಆ ಗಡಿಯಾರ ಅಲ್ಲಿಗೆ ನಿಂತಿತು. ಆಮೇಲೆ ನಮ್ಮನ್ನು ಹಿಡಿದಿಟ್ಟುಕೊಂಡಿರುವುದು 1971ರ ಇಮಿಗ್ರೇಷನ್ ಕಾಯ್ದೆಯಡಿ. ಪೊಲೀಸರು ಬರೀ ಕಾಯುವವರು, ಬೇರೆಯವರ ಪೆಟ್ಟಿಗೆ ನೋಡಿಕೊಂಡ ಹಾಗೆ. ಸೆಲ್‌ನಲ್ಲಿ ಸತತ 5 ದಿನ ಇಡಬಹುದು, ದೇಶದಿಂದ ಕಳಿಸುವ ಆದೇಶ ಆಗಲೇ ಆಗಿದ್ದರೆ 7. ಇದು ಸೆಲ್‌ಗೆ ಇರುವ ಮಿತಿ, ಬಂಧನಕ್ಕಲ್ಲ. ಒಟ್ಟು ಎಷ್ಟು ದಿನ ಹಿಡಿದಿಡಬಹುದು ಅನ್ನುವುದಕ್ಕೆ ಬ್ರಿಟನ್ನಿನ ಕಾನೂನಿನಲ್ಲಿ ಗರಿಷ್ಠ ಮಿತಿಯೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದರೆ ನಿಮ್ಮ ತಮ್ಮನೂ ಇದನ್ನೇ ಮಾಡಿರಬಹುದು.

ಸ್ಟೇಷನ್‌ಗೆ ಕರೆದುಕೊಂಡು ಹೋದ ತಕ್ಷಣ ಬೆಲ್ಟು, ಶೂ ಲೇಸು, ಫೋನು ತೆಗೆದುಕೊಂಡರು. ಕೌಂಟರಿನ ಹಿಂದಿದ್ದ ಸಾರ್ಜೆಂಟ್ ವಿಳಾಸ ಕೇಳಿದ. ನಾವು ಐದು ಜನ ಒಂದು ಮನೆಯಲ್ಲಿದ್ದೆವು, ಅದರಲ್ಲಿ ಇಬ್ಬರಿಗೆ ಕಾಗದ ಪತ್ರ ಸರಿ ಇರಲಿಲ್ಲ. ನಿಜ ಹೇಳಿದರೆ ಅವರನ್ನೂ ಎತ್ತಿಕೊಂಡು ಬರುತ್ತಾರೆ ಅನ್ನಿಸಿತು. ಒಂದು ವರ್ಷದ ಹಿಂದೆ ಇದ್ದ ಮನೆಯ ವಿಳಾಸ ಕೊಟ್ಟೆ. ಎರಡು ಸೆಕೆಂಡಿನ ಮಾತು. ನನ್ನ ಪರ್ಸ್‌ನಲ್ಲಿ ಕೊರಿಯರ್‌ನವರು 'ಬಂದಿದ್ದೆವು, ನೀವಿರಲಿಲ್ಲ' ಅಂತ ಬಿಟ್ಟುಹೋದ ಚೀಟಿ ಇತ್ತು. ಅದರ ಮೇಲೆ ನನ್ನ ಹೆಸರು, ಹೊಸ ಮನೆಯ ವಿಳಾಸ, ಹಿಂದಿನ ವಾರದ ತಾರೀಖು. ವಸ್ತುಗಳ ಪಟ್ಟಿ ಮಾಡುತ್ತಿದ್ದವಳು ಅದನ್ನು ಬಿಡಿಸಿ ನೋಡಿದಳು. ಏನೂ ಅನ್ನಲಿಲ್ಲ. ಸಾರ್ಜೆಂಟ್ ಕಡೆ ತಿರುಗಿಸಿ ಇಟ್ಟಳು, ಅವನು ಬರೆದುಕೊಂಡ.

ಬೆಳಿಗ್ಗೆ ಬಂಧನದ ಕಾರಣಗಳ ಕಾಗದ ಕೈಗೆ ಬಂತು. ತಲೆಮರೆಸಿಕೊಳ್ಳುವ ಸಾಧ್ಯತೆ ಇದೆ ಅನ್ನುವುದಕ್ಕೆ ಟಿಕ್ ಗುರುತು. ಮೋಸ ಮಾಡಲು ಯತ್ನಿಸಿದ್ದಾನೆ ಅನ್ನುವುದಕ್ಕೂ ಗುರುತು. ಅದಕ್ಕೆ ಮುಂಚೆ ನಾನು ಬರೀ ವೀಸಾ ಮುಗಿದ ಹುಡುಗ. ಪಾಸ್‌ಪೋರ್ಟ್ ಇತ್ತು, ಒಂದು ಕೇಸಿಲ್ಲ. ವಾರಕ್ಕೊಮ್ಮೆ ಬಂದು ಸಹಿ ಹಾಕು ಅಂತ ಬಿಟ್ಟುಕಳಿಸುವ ಸಾಧ್ಯತೆ ಇತ್ತು. ಆ ವಿಳಾಸ ಹೇಳಿದ ಮೇಲೆ ಆ ದಾರಿ ಮುಚ್ಚಿತು.

ಹೇಳಲು ಮನಸ್ಸಿಲ್ಲದಿದ್ದರೆ ಸುಮ್ನೆ 'ವಕೀಲರು ಬರಲಿ' ಅನ್ನಬಹುದಿತ್ತು. ಸ್ಟೇಷನ್‌ನಲ್ಲಿ ಪುಕ್ಕಟೆ ವಕೀಲರು ಬೇಕಾ ಅಂತ ಅವರೇ ಕೇಳಿದ್ದರು. ಬೇಡ ಅಂದಿದ್ದೆ. ವಕೀಲರನ್ನು ಕರೆಸಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂದುಕೊಂಡಿದ್ದೆ! ಇನ್ನೊಂದು ತಮಾಷೆ ಕೇಳಿ. ನಾನು ರಾತ್ರಿ ಮನೆಗೆ ಬರಲಿಲ್ಲ ಅಂತ ಆ ಇಬ್ಬರೂ ಬೆಳಕು ಹರಿಯುವ ಮುಂಚೆಯೇ ಬೇರೆ ಊರಿಗೆ ಹೋಗಿದ್ದರು. ನನ್ನ ಸುಳ್ಳು ಯಾರನ್ನೂ ಉಳಿಸಲಿಲ್ಲ.

ಶನಿವಾರ, ಭಾನುವಾರ ಯಾರೂ ಬರಲಿಲ್ಲ. ಲೈಟು ಆರಿಸುವುದಿಲ್ಲ. ಅಲ್ಲೇ ಮೂಲೆಯಲ್ಲಿ ಕಮೋಡು, ಮೇಲೆ ಕ್ಯಾಮೆರಾ. ಪಕ್ಕದಲ್ಲಿ ಕುಡಿದು ಬಂದವನು ರಾತ್ರಿಯಿಡೀ ಬಾಗಿಲು ಗುದ್ದುತ್ತಿದ್ದ. ಪೊಲೀಸರು ಕೆಟ್ಟವರೇನಲ್ಲ, ಕೇಳಿದಾಗ ಚಹಾ ಕೊಟ್ಟರು. ಆದರೆ ಏನು ಕೇಳಿದರೂ ಒಂದೇ ಉತ್ತರ: ಅದು ನಮ್ಮ ಕೈಲಿಲ್ಲ, ಇಮಿಗ್ರೇಷನ್‌ನವರನ್ನು ಕೇಳು. ಇಮಿಗ್ರೇಷನ್‌ನವರು ಅಲ್ಲಿರಲಿಲ್ಲ. ಅದಕ್ಕೇ ಹೇಳಿದ್ದು, ಆ ಜಾಗ ಒಂದೆರಡು ರಾತ್ರಿಗೆ ಕಟ್ಟಿದ್ದು, ಅಲ್ಲಿ ನಿಮ್ಮ ತಮ್ಮನ ಕೇಸು ಒಂದಿಂಚೂ ಮುಂದೆ ಹೋಗುವುದಿಲ್ಲ.

ಮಂಗಳವಾರ ರಾತ್ರಿ ವ್ಯಾನ್ ಬಂತು. ಹೀಥ್ರೋ ವಿಮಾನ ನಿಲ್ದಾಣದ ಹತ್ತಿರದ ಒಂದು ಡಿಟೆನ್ಷನ್ ಕೇಂದ್ರಕ್ಕೆ ಹಾಕಿದರು. ಅದೇನು ಸ್ವರ್ಗವಲ್ಲ. ಆದರೆ ಅಂಗಳದಲ್ಲಿ ಓಡಾಡಬಹುದು. ಕ್ಯಾಮೆರಾ, ಇಂಟರ್‌ನೆಟ್ ಇಲ್ಲದ ಒಂದು ಸಾದಾ ಫೋನ್ ಕೊಟ್ಟರು, ಐದು ದಿನದ ನಂತರ ಅಮ್ಮನ ಧ್ವನಿ ಕೇಳಿದೆ. ಹೆಸರು ಬರೆಸಿದರೆ 30 ನಿಮಿಷ ಪುಕ್ಕಟೆ ಕಾನೂನು ಸಲಹೆ ಸಿಗುತ್ತದೆ. ಅಲ್ಲಿ ಸಿಕ್ಕ ವಕೀಲೆ ನನ್ನ ಕಾಗದ ಓದಿ ಕೇಳಿದ ಮೊದಲ ಪ್ರಶ್ನೆ: ಈ ವಿಳಾಸ ಯಾಕೆ ಕೊಟ್ಟೆ?

ಬೇಲ್ ಅರ್ಜಿಗೆ ದುಡ್ಡು ಕಟ್ಟಬೇಕಿಲ್ಲ. ಗೃಹ ಇಲಾಖೆಗೇ ಹಾಕಬಹುದು, ಇಮಿಗ್ರೇಷನ್ ಕೇಸು ಕೇಳುವ ಟ್ರಿಬ್ಯೂನಲ್‌ಗೂ ಹಾಕಬಹುದು. ನಾನು ಟ್ರಿಬ್ಯೂನಲ್‌ಗೆ ಹಾಕಿದೆ. ಸರ್ಕಾರದ ಕಡೆಯವರು ಆ ಕೊರಿಯರ್ ಚೀಟಿಯ ಕಥೆ ಹೇಳಿದರು, ಜಡ್ಜ್ ಬೇಲ್ ಕೊಡಲಿಲ್ಲ. ಒಮ್ಮೆ ನಿರಾಕರಿಸಿದ ಮೇಲೆ, ಪರಿಸ್ಥಿತಿ ಗಣನೀಯವಾಗಿ ಬದಲಾಗದಿದ್ದರೆ, 28 ದಿನದೊಳಗೆ ಮತ್ತೆ ಹಾಕಿದ ಅರ್ಜಿಗೆ ವಿಚಾರಣೆಯೇ ಸಿಗುವುದಿಲ್ಲ. ಆ ಎರಡು ಸೆಕೆಂಡಿನ ಬೆಲೆ ಅದು, ಇನ್ನೊಂದು ತಿಂಗಳು. ಎರಡನೇ ಸಲ ನಮ್ಮ ಕನ್ನಡದವರೇ ಒಬ್ಬ ಆಂಟಿ ತಮ್ಮ ಮನೆ ವಿಳಾಸ ಕೊಟ್ಟು, ಜಾಮೀನೂ ನಿಂತರು. ಅವರು ನನ್ನನ್ನು ಅದಕ್ಕೆ ಮುಂಚೆ ಒಂದೇ ಸಲ ನೋಡಿದ್ದರು.

ಹೊರಗೆ ಬಂದ ಮೇಲೆ ನನ್ನ ದುಡ್ಡಲ್ಲೇ ಟಿಕೆಟ್ ತೆಗೆದು ವಾಪಸ್ ಬಂದೆ. ಹಾಗೆ ಬಂದರೆ ಮತ್ತೆ ವೀಸಾಗೆ 1 ವರ್ಷ ನಿಷೇಧ. ಅವರೇ ಹತ್ತಿಸಿ ಕಳಿಸಿದರೆ 10 ವರ್ಷ. ನಿಮ್ಮ ತಮ್ಮನಿಗೆ ಅಲ್ಲಿ ಉಳಿಯಲು ಗಟ್ಟಿ ಕಾರಣ ಇಲ್ಲದಿದ್ದರೆ ನಾನು ಹೇಳುವುದು ಇದನ್ನೇ. ಕಾರಣ ಇದೆಯೋ ಇಲ್ಲವೋ ಅಂತ ವಕೀಲರು ಹೇಳಲಿ, ಅವನ ರೂಮ್‌ಮೇಟ್‌ಗಳಲ್ಲ.

ಹಾಗಾಗಿ ಇವತ್ತೇ ಸ್ಟೇಷನ್‌ಗೆ ಫೋನ್ ಮಾಡಿ. ಯಾವ ವಿಳಾಸ ಕೊಟ್ಟಿದ್ದಾನೆ ಅಂತ ಅವನ ಬಾಯಿಂದಲೇ ತಿಳಿದುಕೊಳ್ಳಿ. ತಪ್ಪು ಹೇಳಿದ್ದರೆ ವಕೀಲರ ಮೂಲಕ ಈಗಲೇ ಸರಿಪಡಿಸಲಿ. ನಿಮ್ಮ ಮನೆ ಬಾಡಿಗೆ ಪತ್ರ ಹುಡುಕಿಡಿ, ಬೇಲ್‌ಗೆ ಅದೇ ಬೇಕಾಗುವುದು. 'ಬೇಲ್ ಫಾರ್ ಇಮಿಗ್ರೇಷನ್ ಡಿಟೈನೀಸ್' ಅಂತ ಒಂದು ಸಂಸ್ಥೆ ಇದೆ, ಬೇಲ್ ಅರ್ಜಿಗೆ ಪುಕ್ಕಟೆ ಸಹಾಯ ಮಾಡುತ್ತಾರೆ.

ಕೇಂದ್ರಕ್ಕೆ ಹೋದ ಮೇಲೆ ನೋಡಲು ಹೋಗುವಾಗ ನಿಮ್ಮ ಗುರುತಿನ ಚೀಟಿ ಮರೆಯಬೇಡಿ. ಮನೆ ಊಟ ಕಟ್ಟಿಕೊಂಡು ಹೋಗಬೇಡಿ, ಒಳಗೆ ಬಿಡುವುದಿಲ್ಲ. ಒಂದು ಹಾಳೆಯಲ್ಲಿ ಮನೆಯವರೆಲ್ಲರ ನಂಬರ್ ಬರೆದುಕೊಂಡು ಹೋಗಿ. ನನಗೆ ಅಮ್ಮನ ನಂಬರ್ ಒಂದೇ ಬಾಯಿಪಾಠ ಇದ್ದದ್ದು.