ನರ್ಸಕ್ಕನನ್ನು ಕೇಳಿ: ತಾಯಿ ಕಾರ್ಡಿನ ಕೊನೆಯ ಸಾಲುಗಳು

(ಈ ಅಂಕಣದಲ್ಲಿ ಉತ್ತರಿಸುವವರು 31 ವರ್ಷ ಹಳ್ಳಿಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು.)

ನರ್ಸಕ್ಕ, ಮಗುವಿಗೆ ಒಂದೂವರೆ ತಿಂಗಳಿನ ಚುಚ್ಚುಮದ್ದು ಹಾಕಿಸಿದ ರಾತ್ರಿ ಜ್ವರ ಬಂತು. ತೊಡೆ ಗಟ್ಟಿಯಾಗಿ ಊದಿತ್ತು. ಅತ್ತೆ ಮುಂದಿನದು ಬೇಡವೇ ಬೇಡ ಅಂತಿದ್ದಾರೆ. ಖಾಸಗಿಯಲ್ಲಿ ಜ್ವರ ಬಾರದ ಇಂಜೆಕ್ಷನ್ ಇದೆಯಂತೆ, ನಿಜಾನಾ?
— ಬಾಣಂತಿಯೊಬ್ಬರು, ಚನ್ನಗಿರಿ

ಅತ್ತೆಯ ಮೇಲೆ ಬೇಜಾರು ಮಾಡಿಕೊಳ್ಳಬೇಡಮ್ಮ. ರಾತ್ರಿಯೆಲ್ಲ ಅಳುವ ಕೂಸನ್ನು ಎತ್ತಿಕೊಂಡು ಓಡಾಡಿದವರು ಅವರೇ ಇರಬೇಕು. ಆದರೆ ಮುಂದಿನದನ್ನು ಬಿಡಬೇಡ.

ಜ್ವರ ಬಂದದ್ದು ಪೆಂಟಾ ಲಸಿಕೆಯಿಂದ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ-ಬಿ, ಹಿಬ್ ಎಂಬ ರೋಗಾಣು ತರುವ ನ್ಯುಮೋನಿಯಾ, ಈ ಐದಕ್ಕೂ ಅದೊಂದೇ ಸೂಜಿ. ನಾಯಿಕೆಮ್ಮಿನ ಭಾಗವೇ ಜಾಸ್ತಿ ಜ್ವರ ತರಿಸುವುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ನರ್ಸ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡು, ತೊಡೆಗೆ ತಣ್ಣೀರು ಬಟ್ಟೆ ಇಡು, ಹಾಲು ಕುಡಿಸುತ್ತಿರು. ಊದಿದ ಕಡೆ ಹರಳೆಣ್ಣೆ ಹಚ್ಚಿ ಉಜ್ಜುವುದು, ಕಾವು ಕೊಡುವುದು ಬೇಡ. ಮಗುವಿಗೆ ಫಿಟ್ಸ್ ಬಂದರೆ, ಮೂರು ಗಂಟೆ ಬಿಡದೆ ಅತ್ತರೆ, ಮೈ ಸೋತು ಜೋಲು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಖಾಸಗಿಯಲ್ಲಿ ಸಿಗುವುದರಲ್ಲಿ ಜ್ವರ ಕಡಿಮೆ, ನಿಜ. ಬೆಲೆ ಜಾಸ್ತಿ. ನಾಯಿಕೆಮ್ಮಿನ ಮೇಲೆ ಅದರ ಶಕ್ತಿ ಸ್ವಲ್ಪ ಬೇಗ ಇಳಿಯುತ್ತದೆ. ನನ್ನ ಮೊಮ್ಮಗನಿಗೆ ಸರ್ಕಾರಿ ಪೆಂಟಾನೇ ಹಾಕಿಸಿದೆವು.

ನಮ್ಮೂರಿಗೆ ಲಸಿಕೆ ಡಬ್ಬಿ ಬೈಕಿನ ಮೇಲೆ ಬರುತ್ತೆ. ಬಿಸಿಲಿಗೆ ಕೆಟ್ಟಿಲ್ಲ ಅಂತ ಹೇಗೆ ನಂಬೋದು?
— ಓದುಗರು, ಮಸ್ಕಿ

ಕೇಳಿ ನೋಡಿ, ಸಿಸ್ಟರ್ ತೋರಿಸುತ್ತಾರೆ. ಪ್ರತಿ ಬಾಟಲಿಯ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಹೊಸದರಲ್ಲಿ ಚೌಕ ಬೆಳ್ಳಗೆ. ಶಾಖ ತಗುಲಿದಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ಚೌಕ, ವೃತ್ತ ಎರಡರ ಬಣ್ಣವೂ ಒಂದೇ ಆಯಿತೆಂದರೆ ಆ ಬಾಟಲಿ ಬಿಸಾಡಬೇಕು.

ಪೆಂಟಾ ವಿಷಯದಲ್ಲಿ ನಾವು ಬಿಸಿಲಿಗಿಂತ ಹೆಪ್ಪುಗಟ್ಟುವುದಕ್ಕೆ ಜಾಸ್ತಿ ಹೆದರುತ್ತಿದ್ದೆವು. ಒಮ್ಮೆ ಹೆಪ್ಪುಗಟ್ಟಿದರೆ ಅದು ಹಾಳು. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಮೇಜಿನ ಮೇಲಿಟ್ಟು ಕಾಯಬೇಕು. ಮೈಮೇಲೆ ನೀರು ಒಸರಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲೆಯೇ ಡಬ್ಬಿಗೆ. ಗುರುವಾರ ಲಸಿಕೆಯ ದಿನ, ಎಷ್ಟೋ ಗುರುವಾರ ನನ್ನ ದಿನ ಆ ಸದ್ದಿನಿಂದಲೇ ಶುರುವಾಗಿದೆ.

ಗುಳೆ ಹೋಗಿದ್ವಿ. ಮಗೂಗೆ ಒಂಬತ್ತು ತಿಂಗಳ ದಡಾರದ ಇಂಜೆಕ್ಷನ್ ತಪ್ಪಿತು, ಈಗ ಹದಿನಾಲ್ಕು ತಿಂಗಳು. ಎಲ್ಲಾ ಮೊದಲಿಂದ ಹಾಕಿಸಬೇಕಾ?
— ತಂದೆ, ಯಾದಗಿರಿ ಜಿಲ್ಲೆ

ಬೇಡ. ಆದದ್ದು ಆಗಿದೆ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಈ ವಾರವೇ ಹೋಗಿ. ಎರಡನೆಯದು ಕನಿಷ್ಠ ನಾಲ್ಕು ವಾರ ಬಿಟ್ಟು, 16ರಿಂದ 24 ತಿಂಗಳೊಳಗೆ. "ಯಾಕೆ ತಡ?" ಅಂತ ಯಾರಾದರೂ ಗದರಿಸಿದರೂ ವಾಪಸ್ ಬರಬೇಡಿ. ಮತ್ತೆ ಗುಳೆ ಹೋಗುವಾಗ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಕಟ್ಟಿಕೊಳ್ಳಿ. ಗೋವಾದಲ್ಲೂ ಮಹಾರಾಷ್ಟ್ರದಲ್ಲೂ ಸರ್ಕಾರಿ ಲಸಿಕೆ ಉಚಿತವೇ.

ಅಕ್ಕ, ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಟಿಡಿ ಇಂಜೆಕ್ಷನ್ ಅಂತ ಚೀಟಿ ಕೊಟ್ಟಿದ್ದಾರೆ. ಮಗನಿಗೆ ಹದಿನಾರು. ಚಿಕ್ಕವರಿದ್ದಾಗಲೇ ಎಲ್ಲಾ ಮುಗಿದಿದೆಯಲ್ವಾ? ಸುಮ್ನೆ ಯಾಕೆ ಚುಚ್ಚಿಸೋದು?
— ಗೃಹಿಣಿ, ಹೊಸದುರ್ಗ

ಮುಗಿದಿಲ್ಲ ತಂಗಿ. ಕಾರ್ಡು ತೆಗೆದು ನೋಡು. ಒಂದೂವರೆ ವರ್ಷದವರೆಗಿನ ಮನೆಗಳೆಲ್ಲ ತುಂಬಿರುತ್ತವೆ. ಆಮೇಲಿನ 5, 10, 16 ವರ್ಷದ ಸಾಲುಗಳು ಖಾಲಿ. ನಾನು ನೋಡಿದ ಎಷ್ಟೋ ಕಾರ್ಡುಗಳು ಹೀಗೇ ಇದ್ದವು. ಮಗು ನಡೆಯಲು ಕಲಿತ ಮೇಲೆ ಕಾರ್ಡು ಟ್ರಂಕು ಸೇರಿಬಿಡುತ್ತದೆ.

ಟಿಡಿ ಅಂದರೆ ಧನುರ್ವಾಯು ಮತ್ತು ಗಂಟಲುಮಾರಿ. ಚಿಕ್ಕಂದಿನಲ್ಲಿ ಹಾಕಿಸಿದ್ದರ ಶಕ್ತಿ ವರ್ಷ ಕಳೆದ ಹಾಗೆ ಇಳಿಯುತ್ತದೆ. ಅದಕ್ಕೇ ಐದು ವರ್ಷಕ್ಕೆ ಡಿಪಿಟಿ (ಈ ಎರಡರ ಜೊತೆ ನಾಯಿಕೆಮ್ಮಿಗೂ) ಬೂಸ್ಟರ್, ಹತ್ತಕ್ಕೂ ಹದಿನಾರಕ್ಕೂ ಟಿಡಿ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಎರಡನೇ ಕ್ಲಾಸು. ಗಂಟಲು ನೋವು ಅಂತ ಅವನ ತಾಯಿ ಸಂಜೆ ಹೊತ್ತು ಉಪಕೇಂದ್ರಕ್ಕೆ ಕರೆತಂದಳು. ಕತ್ತು ಎರಡೂ ಕಡೆ ಊದಿತ್ತು. ಬಾಯಿ ತೆಗೆಸಿ ಬ್ಯಾಟರಿ ಬಿಟ್ಟೆ. ಒಳಗೆ, ಹಾಲು ಒಡೆದು ಮೆತ್ತಿಕೊಂಡ ಹಾಗೆ ಬೂದು ಬಣ್ಣದ ಪೊರೆ. ಗಂಟಲುಮಾರಿ ಅಂತ ನಾನು ಪುಸ್ತಕದಲ್ಲಿ ಓದಿದ್ದು ಅಷ್ಟೇ, ಕಣ್ಣಾರೆ ಕಂಡದ್ದು ಅವತ್ತು. ಪೊರೆ ಬೆಳೆದರೆ ಉಸಿರು ಕಟ್ಟುತ್ತದೆ, ಅದರ ವಿಷ ಹೃದಯಕ್ಕೂ ಇಳಿಯುತ್ತದೆ. ಆ್ಯಂಬುಲೆನ್ಸ್ ಬರುವಷ್ಟರಲ್ಲಿ ತಾಯಿ ಮನೆಗೆ ಓಡಿ ಕಾರ್ಡು ತಂದಳು. ಕೊನೆಯ ತಾರೀಖು ಒಂದೂವರೆ ವರ್ಷದ್ದು. ಐದು ವರ್ಷದ ಮನೆ ಖಾಲಿ. "ಯಾರೂ ಹೇಳಲೇ ಇಲ್ಲ ಸಿಸ್ಟರ್" ಅಂದಳು. ಆ ಊರು ನನ್ನದೇ, ಹೇಳಬೇಕಾದವಳು ನಾನೇ. ಹುಡುಗ ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಆ ಮೇಲೆ ಪ್ರತಿ ಜೂನ್‌ನಲ್ಲಿ ಒಂದನೇ ಕ್ಲಾಸಿನ ಹಾಜರಿ ಪುಸ್ತಕ ತರಿಸಿಕೊಂಡು ನನ್ನ ರಿಜಿಸ್ಟರಿಗೆ ತಾಳೆ ಹಾಕತೊಡಗಿದೆ.

ಇನ್ನೊಂದು ಮಾತು. ಸೂಜಿಯಷ್ಟೇ ಮುಖ್ಯ ತಪಾಸಣೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೂ ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದೆ. ಅವತ್ತು ಮಗಳಿಗೆ ರಜೆ ಹಾಕಿಸಬೇಡ. ಸಂಜೆ ಕೂರಿಸಿಕೊಂಡು ಕೇಳು: ಕಣ್ಣು ನೋಡಿದರಾ? ತೂಕ ಎಷ್ಟು ಅಂದರು? ಏನಾದರೂ ಚೀಟಿ ಕೊಟ್ಟರಾ? ಆ ಚೀಟಿ ಬ್ಯಾಗಿನ ತಳದಲ್ಲೇ ಹರಿದುಹೋಗುವುದುಂಟು. ಬೋರ್ಡು ಕಾಣದೆ ಪಕ್ಕದವಳ ನೋಟ್‌ಬುಕ್ ನೋಡಿ ಬರೆಯುವ ಮಗುವನ್ನು ಮನೆಯವರು "ಓದಿನಲ್ಲಿ ಮಂದ" ಅಂದುಕೊಂಡಿರುತ್ತಾರೆ. ಬೇಕಾಗಿದ್ದದ್ದು ಒಂದು ಕನ್ನಡಕ.

ಹತ್ತು ದಾಟಿದ ಮೇಲೆ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಶಾಲೆಯಲ್ಲೇ ಕೊಡುತ್ತಾರೆ. ಊಟ ಆದ ಮೇಲೆ ನುಂಗಬೇಕು. ಮಲ ಕಪ್ಪಗಾದರೆ ಹೆದರಬೇಡ. ಮುಟ್ಟು ಶುರುವಾದ ಮೇಲೆ ತುಂಬಾ ಸುಸ್ತು ಅಂದರೆ ರಕ್ತ ಪರೀಕ್ಷೆ ಮಾಡಿಸು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೂ 9ರಿಂದ 14 ವರ್ಷ ಒಳ್ಳೆಯ ಕಾಲ, ಡಾಕ್ಟರನ್ನು ಕೇಳು.

ಈಗ ನಿನ್ನ ಚೀಟಿಗೆ ಸಹಿ ಹಾಕು. ಅವತ್ತು ಬೆಳಿಗ್ಗೆ ಮಗಳಿಗೆ ಹೊಟ್ಟೆ ತುಂಬಾ ತಿಂಡಿ ಕೊಟ್ಟು ಕಳಿಸು. ಈ ವಯಸ್ಸಿನವರಿಗೆ ಸೂಜಿ ಕಂಡರೇ ತಲೆ ಸುತ್ತುವುದುಂಟು, ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಮಗನನ್ನು ಗುರುವಾರ ನೀನೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗು, ಮೀಸೆ ಬಂದ ಹುಡುಗರು ತಾವಾಗಿ ಹೋಗುವುದಿಲ್ಲ. ಇಬ್ಬರ ಕಾರ್ಡೂ ಬ್ಯಾಗಿನಲ್ಲಿರಲಿ. ತಾರೀಖನ್ನು ಪೆನ್ನಿನಲ್ಲೇ ಬರೆಸಿಕೋ.