ಇಂಪ್ಲಾಂಟ್ ಹಲ್ಲು ಹುಳುಕಾಗುವುದಿಲ್ಲವಲ್ಲ, ಮತ್ತೆ ಅದನ್ನು ಅಷ್ಟೊಂದು ಉಜ್ಜಬೇಕಾ?

ಹುಳುಕಾಗುವುದಿಲ್ಲ ಅನ್ನುವುದು ನಿಜ. ಬೇರಿನ ಬದಲಿಗೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ ಆಗಲಿ, ಮೇಲಿನ ಸೆರಾಮಿಕ್ ಕ್ಯಾಪ್ ಆಗಲಿ ಹುಳುಕು ಹಿಡಿಯುವ ವಸ್ತುಗಳಲ್ಲ. ಆದರೆ ಅದನ್ನು ಹಿಡಿದು ನಿಲ್ಲಿಸಿರುವುದು ನಿಮ್ಮದೇ ಮೂಳೆ, ನಿಮ್ಮದೇ ವಸಡು. ಕೆಡುವುದು ಅವೇ. ನನಗೂ ಕೆಳದವಡೆಯಲ್ಲಿ ಒಂದು ಇಂಪ್ಲಾಂಟ್ ಇದೆ; ಪಕ್ಕದ ಸ್ವಂತ ಹಲ್ಲಿಗಿಂತ ಅದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ಕಾರಣ ಇದೆ. ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ನಾಟಿಕೊಂಡಿರುತ್ತವೆ. ಇಂಪ್ಲಾಂಟಿಗೆ ಹಾಗೆ ನಾಟಿಕೊಳ್ಳುವುದಿಲ್ಲ, ಕೊರಳಪಟ್ಟಿಯಂತೆ ಸುತ್ತ ಬಿಗಿದುಕೊಂಡಿರುತ್ತವೆ ಅಷ್ಟೇ. ಅಲ್ಲಿ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾದ ಅಂಟು ಪದರ, ಕೂತರೆ ಸೋಂಕು ಬೇಗ ಕೆಳಗಿಳಿಯುತ್ತದೆ. ಇಷ್ಟಾದರೂ ನೋವು ಬರುವುದು ಅಪರೂಪ. ಶುರುವಿನಲ್ಲಿ ವಸಡು ಕೆಂಪಾಗುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. ಈ ಹಂತಕ್ಕೆ ಮ್ಯೂಕೊಸೈಟಿಸ್ ಅನ್ನುತ್ತಾರೆ, ಚೆನ್ನಾಗಿ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ. ಹಾಗೇ ಬಿಟ್ಟರೆ ಪೆರಿ-ಇಂಪ್ಲಾಂಟೈಟಿಸ್ ಆಗಬಹುದು, ಅಂದರೆ ಸುತ್ತಲಿನ ಮೂಳೆಯೇ ಕರಗುತ್ತದೆ. ಕರಗಿದ ಮೂಳೆಯನ್ನು ಮರಳಿ ಬೆಳೆಸುವುದು ಸುಲಭವಲ್ಲ.

ರಕ್ತ ಕಂಡರೆ ಹೆಚ್ಚಿನವರು ಅಲ್ಲಿ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟುಬಿಡುತ್ತಾರೆ. ಮಾಡಬೇಕಾದ್ದು ತದ್ವಿರುದ್ಧ. ಮೃದು ಬ್ರಷ್ಷನ್ನು ಕ್ಯಾಪ್ ಮತ್ತು ವಸಡು ಸೇರುವ ಗೆರೆಯ ಮೇಲೇ ಓರೆಯಾಗಿಟ್ಟು ನಿಧಾನಕ್ಕೆ ಆಡಿಸಿ, ದಿನಕ್ಕೆ 2 ಸಲ. ನಾಲಗೆಯ ಕಡೆಯ ಬದಿಯನ್ನು ಮರೆಯಬೇಡಿ. ಕನ್ನಡಿಯಲ್ಲಿ ಕಾಣುವುದಿಲ್ಲ ಅಂತ ಎಲ್ಲರೂ ಬಿಡುವುದು ಅದನ್ನೇ. ಸಂದಿಗಳಿಗೆ ದಿನಕ್ಕೊಮ್ಮೆ ಇಂಟರ್‌ಡೆಂಟಲ್ ಬ್ರಷ್, ಅಂದರೆ ಹಲ್ಲುಗಳ ನಡುವೆ ತೂರಿಸುವ ಸಣ್ಣ ತಂತಿ ಬ್ರಷ್. ಅದರ ತಂತಿಗೆ ಪ್ಲಾಸ್ಟಿಕ್ ಲೇಪನ ಇರಲಿ, ಬರೀ ಲೋಹ ಇಂಪ್ಲಾಂಟನ್ನು ಗೀರಬಹುದು. ಸೈಜ್ ದಂತವೈದ್ಯರ ಹತ್ತಿರವೇ ಕೇಳಿ: ಸಡಿಲವಾದರೆ ಉಪಯೋಗವಿಲ್ಲ, ಬಿಗಿಯಾಗಿದ್ದರೆ ತುರುಕಬಾರದು. ಫ್ಲಾಸ್ (ಸಂದಿ ಸ್ವಚ್ಛ ಮಾಡುವ ದಾರ) ಒಳ್ಳೆಯದೇ, ಆದರೆ ವಸಡು ಇಳಿದು ಸ್ಕ್ರೂನ ಒರಟು ಭಾಗ ಹೊರಬಂದಿದ್ದರೆ ಎಳೆ ಹರಿದು ಅಲ್ಲೇ ಸಿಕ್ಕಿಕೊಂಡು ಉರಿಯೂತ ತರಬಲ್ಲದು. ನೀರು ಚಿಮ್ಮಿಸಿ ಸಂದಿ ತೊಳೆಯುವ ವಾಟರ್ ಫ್ಲಾಸರ್ ಜೊತೆಗಿರಲಿ, ಬ್ರಷ್ಷಿನ ಬದಲಿಗಲ್ಲ. ಇದ್ದಿಲು, ವೈಟನಿಂಗ್ ಅಂತೆಲ್ಲ ಬರುವ ಒರಟು ಪೇಸ್ಟ್ ನಾನಂತೂ ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಬಹಳ ದಿನ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ, ರುಚಿಯೂ ಕೆಡುತ್ತದೆ.

ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹಿಂದೆ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡ ಇತಿಹಾಸ, ಇವುಗಳಲ್ಲಿ ಒಂದಿದ್ದರೂ ಅಪಾಯ ಹೆಚ್ಚು. ಅಂಥವರು 3-4 ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು, ಉಳಿದವರಿಗೆ ಸಾಮಾನ್ಯವಾಗಿ 6 ತಿಂಗಳು. ಕ್ಯಾಪ್ ಕೂರಿಸಿದಾಗ ತೆಗೆದ ಎಕ್ಸ್-ರೇ ಎಸೆಯಬೇಡಿ. ಮೂಳೆ ಎಷ್ಟು ಇಳಿದಿದೆ ಅನ್ನುವುದನ್ನು ಮುಂದೆ ಅದರ ಜೊತೆ ಹೋಲಿಸಿಯೇ ಹೇಳುವುದು.

ಇಂಪ್ಲಾಂಟ್ ಹಲ್ಲು ಅಲುಗಾಡಿದರಂತೂ ಕಾಯಬೇಡಿ, ಕೂಡಲೇ ತೋರಿಸಿ. ಎಷ್ಟೋ ಸಲ ಕ್ಯಾಪ್ ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗಿರುತ್ತದೆ, ಬಿಗಿ ಮಾಡಿದರೆ ಮುಗಿಯಿತು. ಆದರೆ ಮೂಳೆಯೊಳಗಿನ ಭಾಗವೇ ಅಲುಗಾಡುತ್ತಿದ್ದರೆ ಅದನ್ನು ತೆಗೆಸಬೇಕಾಗುತ್ತದೆ. ಯಾವುದು ಅಂತ ಗೊತ್ತಾಗುವವರೆಗೆ ಆ ಬದಿಯಲ್ಲಿ ಅಗಿಯಬೇಡಿ.