ಹೊಸ ಕಾರುಗಳಲ್ಲಿ ಮದ್ಯ ಪತ್ತೆ ಸಾಧನ ಕಡ್ಡಾಯವಂತೆ. ಮಂಗಳೂರಿನಲ್ಲಿ ಕೊಳ್ಳುವ ಕಾರಿಗೂ ಬರುತ್ತದಾ?

ಸದ್ಯಕ್ಕಿಲ್ಲ. ಇದು ಅಮೆರಿಕದ ಸುದ್ದಿ. ಅಲ್ಲಿನ 2021ರ ಮೂಲಸೌಕರ್ಯ ಕಾನೂನು ಇಂಥ ತಂತ್ರಜ್ಞಾನಕ್ಕೆ ನಿಯಮ ರೂಪಿಸಲು ಹೇಳಿತು. 2024ರ ನವೆಂಬರ್ ಗಡುವು ದಾಟಿದರೂ ನಿಯಮ ಬರಲಿಲ್ಲ. ಯುರೋಪಿನಲ್ಲೂ ಹೊಸ ಕಾರಿಗೆ ಸಾಧನ ಜೋಡಿಸಲು ಅನುಕೂಲ ಇರಬೇಕು ಅಷ್ಟೇ, ಸಾಧನವೇ ಕಡ್ಡಾಯವಲ್ಲ.

ಅಮೆರಿಕ ಯೋಚಿಸುತ್ತಿರುವ ಸಾಧನದಲ್ಲಿ ಪೈಪಿಗೆ ಊದುವ ಕೆಲಸ ಇಲ್ಲ. ಚಾಲಕನ ಸಹಜ ಉಸಿರನ್ನು ಸೆನ್ಸರ್ ಅಳೆಯಬಹುದು, ಅಥವಾ ಸ್ಟಾರ್ಟ್ ಬಟನ್ ಮುಟ್ಟಿದಾಗ ಇನ್‌ಫ್ರಾರೆಡ್ ಬೆಳಕು ಚರ್ಮದ ಮೂಲಕ ಪತ್ತೆ ಹಚ್ಚಬಹುದು. ಮಿತಿ ಮೀರಿದರೆ ಗಾಡಿ ಹೊರಡಲ್ಲ. ಜಗಳ ಇರುವುದೇ ಇಲ್ಲಿ. ಕುಡಿಯದವರನ್ನೂ ತಪ್ಪಾಗಿ ತಡೆದರೆ? ರಾತ್ರಿ ಉಡುಪಿಯಿಂದ ಮಣಿಪಾಲದ ಆಸ್ಪತ್ರೆಗೆ ಓಡುವಾಗ ಕಾರು ಮುಷ್ಕರ ಹೂಡಿದರೆ ಯಾರನ್ನು ಕೇಳೋಣ? ಮಾಹಿತಿ ವಿಮಾ ಕಂಪನಿಗೆ ಹೋಗುತ್ತದಾ ಎಂಬ ಅನುಮಾನವೂ ಇದೆ. ಈ ಭಯ ಸುಮ್ನೆ ಅಲ್ಲ.

ನಮ್ಮಲ್ಲಿ ಮಿತಿ 100 ಮಿಲಿ ರಕ್ತದಲ್ಲಿ 30 ಮಿಗ್ರಾಂ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 80. ಅಲ್ಲಿನ ಲೆಕ್ಕದ ಸಾಧನವನ್ನು ಹಾಗೇ ತಂದರೆ ಪ್ರಯೋಜನವಿಲ್ಲ. ಮೇಲಾಗಿ ನಮ್ಮ ರಸ್ತೆಗಳಲ್ಲಿ ಬೈಕು, ಸ್ಕೂಟರೇ ಜಾಸ್ತಿ ಅಲ್ವಾ? ಅವಕ್ಕೆ ಇದು ತಾಗುವುದೇ ಇಲ್ಲ. ಯಕ್ಷಗಾನ ಮುಗಿಸಿ ಬೆಳಗಿನ ಜಾವ ತೂಕಡಿಸುತ್ತಾ ಕಾರು ಓಡಿಸುವವರೂ ಉಸಿರಿನ ಪರೀಕ್ಷೆಯಲ್ಲಿ ಆರಾಮಾಗಿ ಪಾಸು.